ಕರೆಂಟು ಹೋದ ಮೇಲಿನ ಐದು ನಿಮಿಷ

ಮದುವೆ ಫೋಟೊ ತೆಗೆಯುವವರ ಬಳಿ ಜನ ಎರಡು ಸಲ ಬರುತ್ತಾರೆ. ಮೊದಲ ಸಲ ಆಲ್ಬಂ ಒಯ್ಯಲು. ಎರಡನೆಯ ಸಲ ಎಷ್ಟೋ ವರ್ಷ ಬಿಟ್ಟು, ಆ ಮದುವೆಗೆ ಬಂದಿದ್ದ ಯಾರೋ ಒಬ್ಬರು ತೀರಿಕೊಂಡ ವಾರದಲ್ಲಿ. 'ಅಜ್ಜೀದು ಬೇರೆ ಒಳ್ಳೇ ಫೋಟೊ ಇಲ್ಲ ಮಾರಾಯ್ರೆ. ತಂಗಿ ಮದುವೇಲಿ ಧಾರೆ ಹೊತ್ತಿಗೆ ಹಿಂದೆ ನಿಂತಿದ್ರಲ್ಲ, ಅದೊಂದು ಸಿಗ್ತದಾ ನೋಡಿ' ಎನ್ನುತ್ತಾರೆ. ವೈಕುಂಠ ಸಮಾರಾಧನೆಯೊಳಗೆ ಅದು ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು ಕೈಸೇರಬೇಕು. ಅಂಥ ಮುಖಗಳು ಇರುವುದೆಲ್ಲ ಆಲ್ಬಂಗೆ ಆರಿಸದೆ ಬಿಟ್ಟ ಫೋಟೊಗಳಲ್ಲೇ. ಆದ್ದರಿಂದ ನಾನು ಯಾವುದನ್ನೂ ಅಳಿಸುವುದಿಲ್ಲ.

ಅಳಿಸದೆ ಇಟ್ಟುಕೊಳ್ಳುವುದಕ್ಕೆ ಜಾಗ ಬೇಕು. ಒಂದು ಮದುವೆಗೆ ಮೂರು ನಾಲ್ಕು ಸಾವಿರ ಫೋಟೊ ಆಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲು ಒಂದೊಂದೂ 25ರಿಂದ 30 ಎಂಬಿ. ಎಂದರೆ ಒಂದು ಮದುವೆಗೇ ಹೆಚ್ಚುಕಮ್ಮಿ 100 ಜಿಬಿ. ಇಷ್ಟನ್ನೂ ಇಂಟರ್ನೆಟ್ಟಿಗೆ ಏರಿಸಿ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಸಾಗರದಂಥ ಊರಿನ ಸ್ಟುಡಿಯೊಕ್ಕೆ ಹೊರೆಯಾಗುವ ಮಾತು. ಹಾಗಾಗಿ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇಟ್ಟಿದ್ದೇನೆ. ಹೆಸರು ದೊಡ್ಡದು, ವಸ್ತು ಚಿಕ್ಕದು: ನಾಲ್ಕು ಹಾರ್ಡ್‌ಡಿಸ್ಕ್ ಕೂರುವ ಒಂದು ಪೆಟ್ಟಿಗೆ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಹಗಲೂ ರಾತ್ರಿ ಚಾಲೂ ಇರುತ್ತದೆ. ಸ್ಟುಡಿಯೊದ ಕಂಪ್ಯೂಟರುಗಳು, ಮನೆಯವರ ಮೊಬೈಲುಗಳು ಎಲ್ಲವೂ ವೈಫೈ ಮೂಲಕ ಅದರಲ್ಲೇ ಫೈಲು ಇಡುತ್ತವೆ, ಅದರಿಂದಲೇ ತೆಗೆಯುತ್ತವೆ. ನಿಮ್ಮ ಮನೆಯಲ್ಲಿ ಇಂಥದ್ದು ಇಲ್ಲದಿರಬಹುದು. ಆದರೆ ಸಿಸಿಟಿವಿಯ ಡಿವಿಆರ್ ಇದ್ದರೆ, ಅಂಗಡಿಯಲ್ಲಿ ಬಿಲ್ ಹಾಕುವ ಕಂಪ್ಯೂಟರ್ ಇದ್ದರೆ, ಮುಂದೆ ಹೇಳುವ ಮಾತು ನಿಮಗೂ ಸಲ್ಲುತ್ತದೆ.

ಈಗ ನಮ್ಮ ಕಡೆಯ ಕರೆಂಟಿನ ವಿಷಯ. ಜೋಗದ ಬಳಿ 1948ರಿಂದಲೇ ವಿದ್ಯುತ್ ಹುಟ್ಟುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯವೇ 1,035 ಮೆಗಾವಾಟ್. ಹೀಗಿದ್ದೂ ಆರಿದ್ರೆ, ಪುನರ್ವಸು ಮಳೆಗಳ ಹೊತ್ತಿಗೆ ನಮ್ಮಲ್ಲಿ ಕರೆಂಟು ನೆಲೆ ನಿಲ್ಲುವುದಿಲ್ಲ. ಇದು ಉತ್ಪಾದನೆಯ ಕೊರತೆಯಲ್ಲ. ದೊಡ್ಡ ಗೋಪುರಗಳ ಮೇಲೆ ಹೋಗುವ ಲೈನು ಕಾಡಿನಿಂದ ಎತ್ತರದಲ್ಲಿದೆ. ನಮ್ಮ ಊರಿನ ಟ್ರಾನ್ಸ್‌ಫಾರ್ಮರಿಗೆ ಬರುವ 11 ಕೆವಿ ಲೈನು ಮಾತ್ರ ಮರಗಳ ನಡುವೆಯೇ ಬರಬೇಕು. ಗಾಳಿಗೆ ಕೊಂಬೆಯೊಂದು ತಂತಿಗೆ ತಾಗಿದರೆ ಸಬ್‌ಸ್ಟೇಷನ್ನಿನಲ್ಲಿ ಟ್ರಿಪ್ ಆಗುತ್ತದೆ. ಮರವೇ ಬಿದ್ದರೆ, ಲೈನ್‌ಮನ್‌ಗಳು ಜಿಗಣೆ ಕಚ್ಚಿಸಿಕೊಂಡು ಆ ಮಳೆಯಲ್ಲೇ ಕಂಬ ಹುಡುಕಿ ಹೋಗಬೇಕು. ಅವರ ಕೆಲಸದ ಕಷ್ಟ ಕಂಡವರಿಗೆ ದೂರಲು ಬಾಯಿ ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾನು ಮಾಡಿಕೊಂಡ ಏರ್ಪಾಡೆಲ್ಲ ಅದರ ಮೇಲೇ ನಿಂತಿದೆ. ನಮ್ಮಲ್ಲಿ ಕರೆಂಟು ಹೋಗುವುದು ಎರಡೇ ಬಗೆಯಲ್ಲಿ. ಒಂದೋ ಕಣ್ಣು ಮಿಟುಕಿಸಿದಂತೆ ಹೋಗಿ ಕೆಲವು ಸೆಕೆಂಡಿನಲ್ಲಿ, ಹೆಚ್ಚೆಂದರೆ ಎರಡು ಮೂರು ನಿಮಿಷದಲ್ಲಿ ಮರಳುತ್ತದೆ. ಇಲ್ಲವೋ ಗಂಟೆಗಟ್ಟಲೆ ಬರುವುದಿಲ್ಲ. ನಡುವಿನದು ಅಪರೂಪ. ಐದು ನಿಮಿಷ ಕಳೆದರೂ ಬರಲಿಲ್ಲವೆಂದರೆ ಎಲ್ಲೋ ಮರ ಬಿದ್ದಿದೆ ಎಂದೇ ಲೆಕ್ಕ.

ಕರೆಂಟು ಹೋದ ಗಳಿಗೆಯಲ್ಲಿ ಆ ಪೆಟ್ಟಿಗೆಯೊಳಗೆ ಏನಾಗುತ್ತದೆ? ಹಾರ್ಡ್‌ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಓದುವ ಬರೆಯುವ ತಲೆ ತಟ್ಟೆಯನ್ನು ಮುಟ್ಟದೆ, ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ವಿದ್ಯುತ್ ಕಡಿದ ಕೂಡಲೆ ತಟ್ಟೆಯ ತಿರುಗುವ ರಭಸದಿಂದಲೇ ಅಷ್ಟಿಷ್ಟು ವಿದ್ಯುತ್ ಹುಟ್ಟಿಸಿಕೊಂಡು, ಡಿಸ್ಕು ಆ ತಲೆಯನ್ನು ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಯೋಚಿಸಿದ ಎಂಜಿನಿಯರುಗಳ ಬಗ್ಗೆ ನನಗೆ ತುಂಬ ಗೌರವ. ಆದರೂ ಇದು ಆಪತ್ತಿಗೆಂದು ಇಟ್ಟ ಉಪಾಯ. ನೆಟ್ಟಗೆ ನಿಲ್ಲಿಸುವುದಕ್ಕಿಂತ ಇದರಲ್ಲಿ ಸವೆತ ಹೆಚ್ಚು. ದಿನಕ್ಕೆ ಹತ್ತು ಸಲ ನಡೆಯಬೇಕಾದ ಕೆಲಸವಲ್ಲ.

ಡಿಸ್ಕಿಗಿಂತ ಹೆಚ್ಚಿನ ಅಪಾಯ ಅದರೊಳಗಿನ ಬರಹಕ್ಕೆ. ನೀವು ಫೋಟೊ ನಕಲು ಮಾಡಿ, ಪರದೆಯ ಮೇಲೆ 'ಆಯಿತು' ಎಂದು ಬಂದ ಕ್ಷಣದಲ್ಲಿ ಅದು ಇನ್ನೂ ಡಿಸ್ಕು ಮುಟ್ಟಿರಲಿಕ್ಕಿಲ್ಲ. ವೇಗಕ್ಕಾಗಿ ಕಂಪ್ಯೂಟರು ಅದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಕೆಲವು ಸೆಕೆಂಡಿನ ಮೇಲೆ ಒಟ್ಟುಗೂಡಿಸಿ ಬರೆಯುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೆ ರ‍್ಯಾಮ್‌ನಲ್ಲಿದ್ದುದು ಹೋಯಿತು. ಬರೆಯುವ ನಡುವೆಯೇ ಹೋದರೆ ಅರ್ಧ ಬರೆದ ಫೈಲು, ಅಥವಾ ಯಾವ ಫೈಲು ಎಲ್ಲಿದೆ ಎಂಬ ಸೂಚಿಯೇ ಅಸ್ತವ್ಯಸ್ತ. ಇದಕ್ಕೆಂದು ಈಗಿನ ಫೈಲ್ ವ್ಯವಸ್ಥೆಗಳಲ್ಲಿ ಜರ್ನಲ್ ಎಂಬುದಿದೆ. ಅಡಿಕೆ ಮಂಡಿಯಲ್ಲಿ ಮೊದಲು ಕಚ್ಚಾ ಪುಸ್ತಕದಲ್ಲಿ ಗುರುತು ಹಾಕಿ ಆಮೇಲೆ ಲೆಡ್ಜರಿಗೆ ಏರಿಸುವ ಹಾಗೆ, ಏನು ಮಾಡಲಿದ್ದೇನೆ ಎಂದು ಮೊದಲೇ ಬರೆದುಕೊಂಡು ಆಮೇಲೆ ಮಾಡುವ ಕ್ರಮ ಅದು. ನಡುವೆ ನಿಂತುಹೋದರೆ ಕಚ್ಚಾ ಪುಸ್ತಕ ನೋಡಿ ಸರಿಪಡಿಸಿಕೊಳ್ಳುತ್ತದೆ. ಆದರೆ ಲಿನಕ್ಸಿನ ಎಕ್ಸ್‌ಟಿ4ನಂಥ ವ್ಯವಸ್ಥೆಗಳಲ್ಲಿ ಈ ಜರ್ನಲ್ ಸಾಮಾನ್ಯವಾಗಿ ಕಾಪಾಡುವುದು ಸೂಚಿಯನ್ನು, ಫೈಲಿನ ಒಳಗಿನ ಬರಹವನ್ನಲ್ಲ. ಫೈಲಿನ ಹೆಸರು ಇರುತ್ತದೆ, ತೆರೆದರೆ ಅರ್ಧ ಫೋಟೊ, ಉಳಿದರ್ಧ ಬೂದಿ ಬಣ್ಣ. ಮೆಮೊರಿ ಕಾರ್ಡಿನಿಂದ ನಡೆಯುವ ರಾಸ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರುಗಳು ಈ ಹೊಡೆತಕ್ಕೆ ಇನ್ನೂ ಬೇಗ ಸೋಲುತ್ತವೆ.

'ಮನೇಲಿ ಇನ್ವರ್ಟರ್ ಇದೆಯಲ್ಲ, ಸಾಲದಾ?' ಎಂದು ಎಲ್ಲರೂ ಕೇಳುತ್ತಾರೆ. ಮಲೆನಾಡಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್‌ಅವರ್ ಶಕ್ತಿ ಇದೆ. ಅದು ದೊಡ್ಡ ಆಸರೆಯೇ. ಪ್ರಶ್ನೆ ಇರುವುದು ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ. ಕಂಪ್ಯೂಟರಿನ ಪವರ್ ಸಪ್ಲೈ ಹೊರಗಿನ ಕರೆಂಟು ಇಲ್ಲದೆ ತಾಳಿಕೊಳ್ಳುವುದು ಸುಮಾರು 16 ಮಿಲಿಸೆಕೆಂಡು; ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಒಂದು ಆವರ್ತಕ್ಕೇ 20 ಮಿಲಿಸೆಕೆಂಡು ಬೇಕು. ಕಂಪ್ಯೂಟರಿಗೆಂದೇ ಬರುವ ಒಳ್ಳೆಯ ಯುಪಿಎಸ್ 4ರಿಂದ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುತ್ತದೆ. ಇನ್ವರ್ಟರ್ ಸಾಮಾನ್ಯ ಸ್ಥಿತಿಯಲ್ಲಿದ್ದರೆ ಅದಕ್ಕಿಂತ ನಿಧಾನ. ಫ್ಯಾನಿಗೆ, ಬಲ್ಬಿಗೆ ಅದು ತಿಳಿಯುವುದೇ ಇಲ್ಲ, ಸರ್ವರ್ ಮಾತ್ರ ನಿಂತು ಮತ್ತೆ ಏಳುತ್ತದೆ. ಎಷ್ಟೋ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ, ವೋಲ್ಟೇಜಿನ ಏರಿಳಿತವನ್ನೂ ಅಷ್ಟಾಗಿ ಸಹಿಸದೆ ಬ್ಯಾಟರಿಗೆ ಹೋಗುತ್ತದೆ. ಕಂಪ್ಯೂಟರ್ ಇರುವ ಮನೆಯಲ್ಲಿ ಅದನ್ನು ಹಾಕಿಯೇ ಇಡಬೇಕು.

ಆದರೆ ಇನ್ವರ್ಟರಿಗೆ ಇನ್ನೊಂದು ಕೊರತೆ ಇದೆ, ನನ್ನ ಪ್ರಕಾರ ದೊಡ್ಡದು ಅದೇ. ಅದಕ್ಕೆ ಸರ್ವರಿನೊಂದಿಗೆ ಮಾತಿಲ್ಲ. ಬ್ಯಾಟರಿ ಇನ್ನು ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂಬುದು ಇನ್ವರ್ಟರಿಗೆ ಗೊತ್ತು, ಕೂಗಿ ಮನೆಯವರಿಗೂ ಹೇಳುತ್ತದೆ. ಸರ್ವರಿಗೆ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಮನೆಯವರೆಲ್ಲ ಮಲಗಿರುವಾಗ ಬ್ಯಾಟರಿ ಬರಿದಾಯಿತೆಂದರೆ, ನಾಲ್ಕು ಗಂಟೆ ತಡವಾಗಿ ಅದೇ ಪೆಟ್ಟು ಬಿತ್ತು, ಅಷ್ಟೆ. ಸರ್ವರಿಗೆ ಬ್ಯಾಟರಿ ಕೊಡುವುದು ಅದು ಓಡುತ್ತಲೇ ಇರಲಿ ಎಂದಲ್ಲ, ಕೈಯಲ್ಲಿರುವ ಬರಹ ಮುಗಿಸಿ, ಡಿಸ್ಕಿನ ತಲೆ ಬದಿಗಿಟ್ಟು, ಕ್ರಮವಾಗಿ ನಿಲ್ಲಲು ಬೇಕಾದ ಐದು ನಿಮಿಷ ಸಿಗಲಿ ಎಂದು. ಹಾಗೆ ನೋಡಿದರೆ ಬ್ಯಾಟರಿಯ ಗಾತ್ರಕ್ಕಿಂತ, ಯುಪಿಎಸ್‌ನಿಂದ ಸರ್ವರಿಗೆ ಸುದ್ದಿ ಒಯ್ಯುವ ಯುಎಸ್‌ಬಿ ತಂತಿಯೇ ಮುಖ್ಯ.

ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದದ್ದು 'ಎಷ್ಟು ವಿಎ?' ಎಂದಲ್ಲ, 'ಕಂಪ್ಯೂಟರಿಗೆ ಸುದ್ದಿ ಕೊಡುವ ಯುಎಸ್‌ಬಿ ಪೋರ್ಟ್ ಇದೆಯಾ?' ಎಂದು. ಅಗ್ಗದ 600 ವಿಎ ಮಾದರಿಗಳಲ್ಲಿ ಬಹಳಷ್ಟಕ್ಕೆ ಅದು ಇರುವುದಿಲ್ಲ. ಕೆಲವಕ್ಕೆ ಇದ್ದರೂ ಅದು ಮೊಬೈಲ್ ಚಾರ್ಜಿಗೆ ಮಾತ್ರ. ಆಮೇಲೆ 'ಲೈನ್ ಇಂಟರ್‍ಯಾಕ್ಟಿವ್ ಹೌದಾ?' ಎಂದು ಕೇಳಬೇಕು. ಸಂಜೆ ಹೊತ್ತು ವೋಲ್ಟೇಜು 170ಕ್ಕೋ 160ಕ್ಕೋ ಇಳಿಯುವ ಊರುಗಳಲ್ಲಿ, ಈ ಜಾತಿಯ ಯುಪಿಎಸ್ ಬ್ಯಾಟರಿ ಮುಟ್ಟದೆ ಒಳಗಿನ ಟ್ರಾನ್ಸ್‌ಫಾರ್ಮರಿನಿಂದಲೇ ಅದನ್ನು ಎತ್ತಿ ಕೊಡುತ್ತದೆ. ಆ ಅನುಕೂಲ ಇಲ್ಲದ್ದು ಪ್ರತಿ ಸಂಜೆ ಬ್ಯಾಟರಿ ಖರ್ಚು ಮಾಡುತ್ತ ಒಂದೇ ವರ್ಷದಲ್ಲಿ ಅದನ್ನು ಸವೆಸಿಬಿಡುತ್ತದೆ. ಸದಾ ಒಳಗಿನ ಇನ್ವರ್ಟರಿನ ಮೂಲಕವೇ ನಡೆಯುವ ಆನ್‌ಲೈನ್ ಯುಪಿಎಸ್ ಎಂಬುದೂ ಇದೆ. ಅದು ಆಸ್ಪತ್ರೆ, ಬ್ಯಾಂಕುಗಳಿಗೆ ಬೇಕಾದದ್ದು. ಮನೆಗೆ ಅದರ ಬೆಲೆ, ಬಿಸಿ, ಸದ್ದು ಮೂರೂ ಹೆಚ್ಚು.

ವಿಎ ಎಂಬುದು ವಾಟ್ ಅಲ್ಲ. 600 ವಿಎ ಎಂದು ಬರೆದ ಪೆಟ್ಟಿಗೆ ಸಾಮಾನ್ಯವಾಗಿ 360 ವಾಟಿನವರೆಗೆ ಮಾತ್ರ ಹೊರುತ್ತದೆ. ಮನೆಯ ಸರ್ವರಿಗೆ ಅದೂ ಧಾರಾಳ. ನಾಲ್ಕು ಡಿಸ್ಕಿನ ಪೆಟ್ಟಿಗೆಗೆ ಸುಮಾರು 40 ವಾಟ್, ವೈಫೈ ರೂಟರ್ ಮತ್ತು ಫೈಬರ್ ಡಬ್ಬಿಗೆ 15 ವಾಟ್, ಒಟ್ಟು 55 ಎಂದಿಟ್ಟುಕೊಳ್ಳಿ. ಇಂಥ ಯುಪಿಎಸ್‌ನೊಳಗೆ ಇರುವುದು 12 ವೋಲ್ಟಿನ 7 ಎಎಚ್ ಸೀಸದ ಬ್ಯಾಟರಿ, ಅಂದರೆ 84 ವಾಟ್‌ಅವರ್. ಕಾಗದದ ಮೇಲೆ ಒಂದೂವರೆ ಗಂಟೆ ಬಾಳಬೇಕು. ಬಾಳುವುದಿಲ್ಲ. ಆ 7 ಎಎಚ್ ಎಂಬ ಅಂಕೆ 20 ಗಂಟೆಯ ಕಾಲ ನಿಧಾನವಾಗಿ ಹೀರಿದರೆ ಸಿಗುವಂಥದ್ದು. ಗಂಟೆಯೊಳಗೆ ಹೀರಿದರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಸಿಕ್ಕಿದ್ದರಲ್ಲೂ ಒಂದು ಪಾಲು 230 ವೋಲ್ಟಿಗೆ ಏರಿಸುವುದರಲ್ಲಿ ಬಿಸಿಯಾಗಿ ಹೋಗುತ್ತದೆ. ಹೊಸದರಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ, ಎರಡು ವರ್ಷದ ಮೇಲೆ ಅದರಲ್ಲಿ ಅರ್ಧ. ನಮಗೆ ಬೇಕಾದ ಐದು ನಿಮಿಷಕ್ಕೆ ಇದು ಬೇಕಾದಷ್ಟಾಯಿತು!

ಸುದ್ದಿ ಮುಟ್ಟಿಸುವ ಕೆಲಸಕ್ಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ತಂತ್ರಾಂಶವಿದೆ. ಬಳಸುವವರು ನಟ್ ಎನ್ನುತ್ತಾರೆ. ಮುಕ್ತ ತಂತ್ರಾಂಶ, ದುಡ್ಡಿಲ್ಲ. ಸಿನಾಲಜಿ, ಟ್ರೂನ್ಯಾಸ್‌ನಂಥ ಸಿದ್ಧ ವ್ಯವಸ್ಥೆಗಳ ಒಳಗೂ ಇರುವುದು ಇದೇ, ಅಲ್ಲಿ ಒಂದೆರಡು ಗುಂಡಿ ಒತ್ತಿದರೆ ಸಾಕು. ಅದರ ಒಂದು ಭಾಗ ಯುಪಿಎಸ್‌ನ ಭಾಷೆ ಓದುತ್ತದೆ, ಒಂದು ಭಾಗ ಆ ಸುದ್ದಿಯನ್ನು ಮನೆಯ ನೆಟ್‌ವರ್ಕಿನಲ್ಲಿ ಹಂಚುತ್ತದೆ, ಇನ್ನೊಂದು ಭಾಗ ಕಾದು ಕುಳಿತು ನಿಲ್ಲಿಸುವ ಆಜ್ಞೆ ಕೊಡುತ್ತದೆ. ಸುದ್ದಿ ಮುಖ್ಯವಾಗಿ ಮೂರು: ಓಎಲ್ ಎಂದರೆ ಕರೆಂಟು ಇದೆ, ಓಬಿ ಎಂದರೆ ಬ್ಯಾಟರಿಯಲ್ಲಿದ್ದೇನೆ, ಎಲ್‌ಬಿ ಎಂದರೆ ಬ್ಯಾಟರಿ ಮುಗಿಯುತ್ತಿದೆ. ಎರಡನೆಯ ಕಂಪ್ಯೂಟರ್ ಇದ್ದರೆ ಅದಕ್ಕೂ ಈ ಸುದ್ದಿ ನೆಟ್‌ವರ್ಕಿನಿಂದಲೇ ತಲುಪುತ್ತದೆ. ಅದಕ್ಕಾಗಿ ರೂಟರನ್ನೂ ಅದೇ ಯುಪಿಎಸ್‌ಗೆ ಹಾಕಿರಬೇಕು.

ಎಲ್‌ಬಿ ಬಂದಾಗ ನಿಲ್ಲು ಎಂಬುದು ಇವುಗಳಲ್ಲಿ ಮೊದಲೇ ಇರುವ ನಿಯಮ. ನಾನು ಅದನ್ನು ನಂಬಿ ಕೂರುವುದಿಲ್ಲ. ವಯಸ್ಸಾದ ಸೀಸದ ಬ್ಯಾಟರಿ 60 ಪ್ರತಿಶತ ಎಂದು ತೋರಿಸುತ್ತಿದ್ದು ಮರುಗಳಿಗೆ ಕುಸಿಯುತ್ತದೆ. ಎಲ್‌ಬಿ ಸುದ್ದಿ ಹೊರಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಮ್ಮಲ್ಲಿ ಕರೆಂಟು ಹೋಗುವ ಎರಡು ಬಗೆಗೆ ಹೊಂದುವ ನಿಯಮ ಬೇರೆ. ಐದು ನಿಮಿಷ ಕಾಯಿ, ಅಷ್ಟರಲ್ಲಿ ಬಂದರೆ ಸುಮ್ಮನೆ ಮುಂದುವರಿ, ಬರಲಿಲ್ಲವೆಂದರೆ ಬ್ಯಾಟರಿ ಎಷ್ಟೇ ಇರಲಿ ನಿಲ್ಲು. ಕೊಂಬೆ ತಾಗಿದ ಟ್ರಿಪ್ ಆಗಿದ್ದರೆ ಯಾರಿಗೂ ತಿಳಿಯದೆ ದಾಟಿಹೋಗುತ್ತದೆ. ಮರ ಬಿದ್ದಿದ್ದರೆ ಸರ್ವರ್ ಬೇಗ ಮಲಗುತ್ತದೆ, ಉಳಿದ ಬ್ಯಾಟರಿ ರೂಟರಿಗೆ ಸಿಗುತ್ತದೆ. ಬರೀ 15 ವಾಟಿನ ಹೊರೆಗೆ ಅದು ಇನ್ನಷ್ಟು ಹೊತ್ತು ಬಾಳುತ್ತದೆ, ಅಮ್ಮ ಬೆಂಗಳೂರಿನ ಅಣ್ಣನೊಂದಿಗೆ ವಿಡಿಯೊ ಕಾಲ್ ಮುಗಿಸಬಹುದು. ಇದಕ್ಕೊಂದು ಷರತ್ತಿದೆ. ಸರ್ವರ್ ನಿಂತ ಮೇಲೆ ತನ್ನ ಹೊರಹರಿವನ್ನೇ ಕಡಿಯುವಂತೆ ಯುಪಿಎಸ್‌ಗೆ ಹೇಳಿಟ್ಟಿದ್ದರೆ ರೂಟರೂ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ನಿಲ್ಲುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಏಳುವುದರ ಬಗ್ಗೆ ಕಡಿಮೆ. ಸರ್ವರಿನ ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ 'ಕರೆಂಟು ಮರಳಿದಾಗ ತಾನಾಗಿ ಏಳು' ಎಂಬ ಆಯ್ಕೆ ಇರುತ್ತದೆ. ಊರಿನಲ್ಲಿ ಇಲ್ಲದಾಗ ಅನುಕೂಲ. ಆದರೆ ಮಳೆಗಾಲದಲ್ಲಿ ಲೈನು ಸರಿಪಡಿಸುವಾಗ ಕರೆಂಟು ಒಮ್ಮೆ ಬಂದು, ಹೋಗಿ, ಮತ್ತೆ ಬರುತ್ತದೆ. ಮೊದಲ ಸಲ ಬಂದಾಗಲೇ ಸರ್ವರ್ ಎದ್ದು, ಡಿಸ್ಕುಗಳನ್ನು ಪರೀಕ್ಷಿಸುತ್ತಿರುವಾಗ ಎರಡನೆಯ ಸಲ ಹೋದರೆ, ಆಗ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ಬರಿದಾದ ಸೀಸದ ಬ್ಯಾಟರಿ ತುಂಬಲು ಆರರಿಂದ ಎಂಟು ಗಂಟೆ ಬೇಕು. ಹೀಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಆ ಆಯ್ಕೆಯನ್ನು ತೆಗೆದಿಡುತ್ತೇನೆ. ಕರೆಂಟು ನೆಲೆ ನಿಂತಿತು ಅನ್ನಿಸಿದ ಮೇಲೆ ಕೈಯಿಂದಲೇ ಚಾಲೂ ಮಾಡುತ್ತೇನೆ. ಬ್ಯಾಟರಿ ಇಂತಿಷ್ಟು ತುಂಬಿದ ಮೇಲೆಯೇ ಹೊರಗೆ ವಿದ್ಯುತ್ ಕೊಡು ಎಂದು ಹೇಳಿಡಬಹುದಾದ ಯುಪಿಎಸ್‌ಗಳೂ ಇವೆ. ಸಿಕ್ಕಿದರೆ ಅದೇ ಒಳ್ಳೆಯದು.

ಮನೆಯ ಇನ್ವರ್ಟರನ್ನು ಬಿಡಬೇಕಿಲ್ಲ. ಅದರ ಲೈನಿಗೆ ಯುಪಿಎಸ್, ಯುಪಿಎಸ್‌ಗೆ ಸರ್ವರ್ ಎಂದು ಸಾಲಾಗಿ ಜೋಡಿಸಿದರೆ ಎರಡರ ಗುಣವೂ ಸಿಗುತ್ತದೆ. ಆದರೆ ಇನ್ವರ್ಟರ್ ಸೈನ್‌ವೇವ್‌ನದಾಗಿರಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರಿನ ವಿದ್ಯುತ್ತನ್ನು ಎಷ್ಟೋ ಯುಪಿಎಸ್‌ಗಳು ಕೆಟ್ಟ ಕರೆಂಟು ಎಂದೇ ತಿಳಿದು, ತಮ್ಮ ಬ್ಯಾಟರಿಯನ್ನೇ ಮುಗಿಸಿಕೊಳ್ಳುತ್ತವೆ. ಈ ಜೋಡಣೆಯಲ್ಲಿ ಇನ್ನೊಂದು ವಿಷಯವೂ ತಿಳಿದಿರಲಿ: ಇನ್ವರ್ಟರ್ ನಡೆಯುತ್ತಿರುವಷ್ಟು ಹೊತ್ತು ಯುಪಿಎಸ್‌ಗೆ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ಸರ್ವರಿನ ಐದು ನಿಮಿಷ ಶುರುವಾಗುವುದು ದೊಡ್ಡ ಬ್ಯಾಟರಿ ಬರಿದಾದ ಮೇಲೆ.

ಸಿಡಿಲಿಗೆ ಇದು ಯಾವುದೂ ಮದ್ದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಪ್ಲಗ್ಗನ್ನೇ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗಿನ ಜತೆಗೆ ಅಂಗಳದ ಕ್ಯಾಮೆರಾದಿಂದ ಬರುವ ತಂತಿಯನ್ನೂ, ಡಿಶ್ ಕೇಬಲನ್ನೂ ತೆಗೆಯಬೇಕು. ತಾಮ್ರ ಇರುವ ಯಾವ ತಂತಿಯೂ ಸಿಡಿಲಿನ ವಿದ್ಯುತ್ತನ್ನು ಒಳಗೆ ತರಬಲ್ಲದು. ಫೈಬರಿನ ಗಾಜಿನ ಎಳೆಯಲ್ಲಿ ಆ ಭಯವಿಲ್ಲ. ಟೆಲಿಫೋನಿನ ತಾಮ್ರದ ತಂತಿ ಹೋಗಿ ಫೈಬರ್ ಬಂದದ್ದು ನಮ್ಮಂಥ ಊರಿಗೆ ಈ ಒಂದು ಕಾರಣಕ್ಕೇ ಉಪಕಾರ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನು ಅಪ್ಪ ರೂಢಿ ಮಾಡಿದ್ದರು, ನಾನೂ ಬಿಟ್ಟಿಲ್ಲ. ಒಣಗಿದ ಜಂಬಿಟ್ಟಿಗೆ ಮಣ್ಣಿನಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ, ಯುಪಿಎಸ್‌ನ ಸರ್ಜ್ ರಕ್ಷಣೆ ಕೆಲಸ ಮಾಡುವುದು ಆ ಅರ್ಥಿಂಗ್ ಇದ್ದರೆ.

ಬ್ಯಾಟರಿಗೆ ಶತ್ರು ಶಾಖ. 25 ಡಿಗ್ರಿಯಲ್ಲಿ ಮೂರರಿಂದ ಐದು ವರ್ಷ ಬಾಳುವ ಸೀಲ್ಡ್ ಬ್ಯಾಟರಿಯ ಆಯಸ್ಸು ಸುಮಾರು 10 ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ. ಟಿವಿಯ ಹಿಂದೆ, ಮುಚ್ಚಿದ ಕಪಾಟಿನೊಳಗೆ ಇಡಬಾರದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡುವುದು ನನ್ನ ಕ್ರಮ. ಮೊದಲು ಸರ್ವರ್ ತೆಗೆದು 60 ವಾಟಿನ ಹಳೆಯ ಬಲ್ಬು ಹಾಕಿ, ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ಉರಿಯುತ್ತದೆ ನೋಡುತ್ತೇನೆ. ಇಲ್ಲಿ ಪ್ಲಗ್ ಕೀಳಬಾರದು, ಕಿತ್ತರೆ ಅರ್ಥಿಂಗೂ ತಪ್ಪುತ್ತದೆ. ಬಲ್ಬು ಹದಿನೈದು ನಿಮಿಷ ದಾಟದಿದ್ದರೆ ಹೊಸ ಬ್ಯಾಟರಿ ತರುತ್ತೇನೆ. ದಾಟಿದರೆ ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಸರ್ವರ್ ಹಾಕಿ, ಸ್ವಿಚ್ ಆರಿಸಿ, ಐದು ನಿಮಿಷಕ್ಕೆ ಅದು ತಾನಾಗಿ ನಿಲ್ಲುವವರೆಗೂ ಎದುರಿಗೇ ಕೂರುತ್ತೇನೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಕೊಂಡ ಅಂಗಡಿಗೇ ಮರಳಿಸುತ್ತೇನೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆ ತಯಾರಕರದ್ದು, ಮೇಲಾಗಿ ಅಂಗಡಿಯವರು ಹೊಸದರ ಬೆಲೆಯಲ್ಲಿ ಸ್ವಲ್ಪ ಇಳಿಸುತ್ತಾರೆ. ಸೀಸ ನಮ್ಮ ಬಾವಿಯ ನೀರು ಸೇರಬಾರದು.

ಇಷ್ಟೆಲ್ಲ ಆದ ಮೇಲೂ ಡಿಸ್ಕು ಸಾಯಬಹುದು, ಕಳ್ಳರು ಒಯ್ಯಬಹುದು. ಯುಪಿಎಸ್ ಇರುವ ಸರ್ವರೂ ಒಂದೇ ಪ್ರತಿ. ಹಾಗಾಗಿ ಪ್ರತಿ ಮದುವೆಯದೂ ಇನ್ನೊಂದು ಪ್ರತಿ ಬಿಡಿ ಹಾರ್ಡ್‌ಡಿಸ್ಕಿನಲ್ಲಿ ಶಿವಮೊಗ್ಗದ ಅಕ್ಕನ ಮನೆಯ ಕಪಾಟಿನಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದನ್ನು ಕೊಟ್ಟು, ಹಳೆಯದನ್ನು ತಂದು, ನಡುವೆ ಬಂದ ಫೋಟೊಗಳನ್ನು ಅದಕ್ಕೆ ಸೇರಿಸುತ್ತೇನೆ.